ಸಿಗರೇಟಿಂದ ವೇಪ್‌ಗೆ ಹೋದವರು ಎರಡೇ ವಾರಕ್ಕೆ ವಾಪಸ್ ಯಾಕೆ ಬರ್ತಾರೆ

ಮೊದಲೇ ಎರಡು ಮಾತು ಹೇಳ್ಬಿಡ್ತೀನಿ, ಆಮೇಲೆ ಜಗಳ ಬೇಡ. ಇದು ಈಗಾಗ್ಲೇ ಸಿಗರೇಟು ಸೇದ್ತಿರೋ ದೊಡ್ಡವರಿಗೆ, ಅದರಲ್ಲೂ ಬ್ರಿಟನ್ನಲ್ಲಿ ಇರೋ ನಮ್ಮ ಕನ್ನಡದವರಿಗೆ ಬರೆದಿರೋದು. ಸಿಗರೇಟು ಮುಟ್ಟದೇ ಇರೋರು ವೇಪ್, ಅಂದ್ರೆ ಇ-ಸಿಗರೇಟಿನ ಕಡೆ ತಲೆ ಹಾಕಿಯೂ ಮಲಗ್ಬೇಡಿ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕೂಡ ಅದನ್ನೇ ಹೇಳತ್ತೆ. ಇನ್ನು ಊರಲ್ಲಿ ಓದ್ತಿರೋರಿಗೆ, ಇಂಡಿಯಾದಲ್ಲಿ 2019ರಿಂದ ಇ-ಸಿಗರೇಟು ಪೂರ್ತಿ ಬ್ಯಾನು, ತಯಾರಿ, ಆಮದು, ಮಾರಾಟ, ಸಾಗಾಟ, ಜಾಹೀರಾತು, ಗೋಡೌನಲ್ಲಿ ಇಟ್ಕೊಳ್ಳೋದು ಎಲ್ಲಾ ಅಪರಾಧ, ಗೋಡೌನಿನದ್ದು ಬಿಟ್ಟು ಉಳಿದಿದ್ದಕ್ಕೆ ಮೊದಲ ಸಲ ಸಿಕ್ಕಿಬಿದ್ರೆ ಒಂದು ವರ್ಷದ ತನಕ ಜೈಲು ಇಲ್ಲಾ ಒಂದು ಲಕ್ಷದ ತನಕ ದಂಡ ಇಲ್ಲಾ ಎರಡೂ. ನಮ್ಮ ಕರ್ನಾಟಕ ಅಂತೂ 2016ರಲ್ಲೇ ನಿಷೇಧ ಮಾಡಿತ್ತು. ಅಲ್ಲಿ ಕದ್ದುಮುಚ್ಚಿ ಮಾರೋ ಮಾಲಲ್ಲಿ ಏನು ತುಂಬಿರ್ತಾರೋ ನೋಡೋರೂ ಇಲ್ಲ ಕೇಳೋರೂ ಇಲ್ಲ, ಅದಕ್ಕೆ ಈ ಲೇಖನ ಓದಿ ಅಲ್ಲಿ ಹುಡುಕೋಕೆ ಹೋಗ್ಬೇಡಿ. ಊರಲ್ಲಿರೋರಿಗೆ ಏನು ದಾರಿ ಅಂತ ಕೊನೇಲಿ ಹೇಳ್ತೀನಿ.

ಈಗ ವಿಷಯಕ್ಕೆ. ಇಲ್ಲಿ ನಮ್ಮ ಗುಂಪುಗಳಲ್ಲಿ ಪದೇ ಪದೇ ಕೇಳೋ ಕಥೆ ಒಂದೇ. ಜನವರಿಲಿ ಒಬ್ರು ವೇಪ್ ತಗೋತಾರೆ, ಮಾವಿನಹಣ್ಣಿನ ಫ್ಲೇವರ್ರು, ಮನೇಲಿ ಎಲ್ರಿಗೂ ಖುಷಿ, ಎರಡು ವಾರ ಆದ್ಮೇಲೆ ನೋಡಿದ್ರೆ ಆಫೀಸ್ ಹಿಂದಿನ ಗಲ್ಲೀಲಿ ಮತ್ತೆ ಅದೇ ಪ್ಯಾಕು. ಕೇಳಿದ್ರೆ "ಅದರಲ್ಲಿ ಕಿಕ್ಕೇ ಇಲ್ಲ ಗುರೂ" ಅಂತಾರೆ. ಜನ ಇದನ್ನ ಮನಸ್ಸು ಗಟ್ಟಿ ಇಲ್ಲದ್ದಕ್ಕೆ ಆಗೋದು ಅನ್ಕೋತಾರೆ. ನನ್ನ ಲೆಕ್ಕದಲ್ಲಿ ಇದರಲ್ಲಿ ಮುಕ್ಕಾಲು ಪಾಲು ಕೇಸು ಮನಸ್ಸಿನದ್ದಲ್ಲ, ಡೋಸಿನದ್ದು. ನಿಕೋಟಿನ್ ಅಂದ್ರೆ ಹೆದರಿಕೊಂಡು ಕಮ್ಮಿ ಸ್ಟ್ರೆಂತ್ ತಗೊಂಡಿರ್ತಾರೆ, ಮೆಷಿನ್ನು ತಪ್ಪಿರತ್ತೆ, ಸಾಲದ್ದಕ್ಕೆ ಜೊತೇಲಿ ದಿನಕ್ಕೆ ಮೂರ್ನಾಲ್ಕು ಸಿಗರೇಟು ನಡೀತಾನೇ ಇರತ್ತೆ. ಈ ಮೂರನ್ನ ಸರಿ ಮಾಡ್ಕೊಂಡ್ರೆ ಅರ್ಧ ಯುದ್ಧ ಗೆದ್ದ ಹಾಗೆ.

ಡೋಸ್ ಯಾಕೆ ಮುಖ್ಯ ಅಂತ ಅರ್ಥ ಆಗ್ಬೇಕಂದ್ರೆ ಸಿಗರೇಟಲ್ಲಿ ನಮ್ಮನ್ನ ಹಿಡ್ಕೊಂಡಿರೋದು ಯಾವುದು, ಸಾಯಿಸೋದು ಯಾವುದು ಅಂತ ಬೇರೆ ಬೇರೆ ಮಾಡಿ ನೋಡ್ಬೇಕು. ಹಿಡ್ಕೊಂಡಿರೋದು ನಿಕೋಟಿನ್. ಸಾಯಿಸೋದು ಹೊಗೆ. ಲಂಡನ್ನಿನ ಮೈಕಲ್ ರಸೆಲ್ ಅನ್ನೋ ಡಾಕ್ಟ್ರು 1976ರಲ್ಲೇ ಇದನ್ನ ಬರೆದಿದ್ರು, ಜನ ಸೇದೋದು ನಿಕೋಟಿನ್‌ಗೋಸ್ಕರ, ಆದ್ರೆ ಸಾಯೋದು ಟಾರಿಂದ ಅಂತ. ದಮ್ ಎಳೆದಾಗ ಸಿಗರೇಟಿನ ಕೆಂಡದ ತುದಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ತನಕ ಹೋಗತ್ತೆ, ಎಲೆ ಅಷ್ಟು ಬಿಸೀಲಿ ಅರೆಬರೆ ಸುಟ್ಟಾಗ ಏಳು ಸಾವಿರಕ್ಕೂ ಜಾಸ್ತಿ ಥರದ ಕೆಮಿಕಲ್ ಹುಟ್ಕೊಳ್ಳತ್ತೆ, ಅದರಲ್ಲಿ 70ರ ಆಸುಪಾಸು ಕ್ಯಾನ್ಸರ್ ತರೋವು. ಜೊತೆಗೆ ಕಾರ್ಬನ್ ಮೊನಾಕ್ಸೈಡು, ಅದು ರಕ್ತದಲ್ಲಿ ಆಕ್ಸಿಜನ್ ಕೂರ್ಬೇಕಾದ ಜಾಗದಲ್ಲಿ ತಾನೇ ಹೋಗಿ ಕೂತ್ಕೊಂಡು ಹೃದಯಕ್ಕೆ ಕೆಲಸ ಜಾಸ್ತಿ ಮಾಡತ್ತೆ. ಟಾರು ಶ್ವಾಸಕೋಶಕ್ಕೆ ಅಂಟ್ಕೊಳ್ಳತ್ತೆ. ಇದೆಲ್ಲ ಸುಡೋದ್ರಿಂದ ಬರೋ ಅನಾಹುತ.

ಹಾಗಂತ ನಿಕೋಟಿನ್ ಹಾಲಿನಷ್ಟು ಪವಿತ್ರ ಅಂತ ಅಲ್ಲ. ಚಟ ಹತ್ತಿಸತ್ತೆ, ಎದೆ ಬಡಿತ ಮತ್ತೆ ಬಿಪಿನ ಸ್ವಲ್ಪ ಹೊತ್ತು ಏರಿಸತ್ತೆ, ಬೆಳೆಯೋ ಮಕ್ಕಳ ಮೆದುಳಿಗೆ ಒಳ್ಳೇದಲ್ಲ. ಆದ್ರೆ ಶ್ವಾಸಕೋಶದ ಕ್ಯಾನ್ಸರ್ ಬರ್ತಿರೋದು ಅದರಿಂದಲ್ಲ. ಅದೇ ನಿಕೋಟಿನ್ನನ್ನ ಪ್ಯಾಚು, ಗಮ್ಮು ಅಂತ ಡಾಕ್ಟ್ರುಗಳೇ ಎಷ್ಟೋ ವರ್ಷದಿಂದ ಕೊಡ್ತಾ ಇದ್ದಾರೆ. ಇಷ್ಟು ತಲೆಗೆ ಹೋದ್ರೆ ಉಳಿದಿದ್ದು ಸಲೀಸು, ಹೋಗದೇ ಇದ್ರೆ ಅಂಗಡೀಲಿ ನಿಂತಾಗ "ಅಣ್ಣಾ ಇರೋದ್ರಲ್ಲೇ ಕಮ್ಮಿ ನಿಕೋಟಿನ್ದು ಕೊಡಿ" ಅಂತ ಬಾಯಿಗೆ ಬಂದ್ಬಿಡತ್ತೆ, ಅಲ್ಲೇ ಆಟ ಮುಗೀತು.

ವೇಪ್ ಅಂದ್ರೆ ಒಳಗೆ ಇರೋದು ಇಷ್ಟೇ. ಒಂದು ಲಿಥಿಯಂ ಬ್ಯಾಟರಿ, ಒಂದು ಚಿಕ್ಕ ಲೋಹದ ಸುರುಳಿ, ಅದಕ್ಕೆ ಕಾಯಿಲ್ ಅಂತಾರೆ, ಅದಕ್ಕೆ ತಾಗಿಕೊಂಡು ಹತ್ತಿ, ಹತ್ತಿ ಲಿಕ್ವಿಡ್‌ನಲ್ಲಿ ನೆಂದಿರತ್ತೆ. ಎಳೆದಾಗ ಕಾಯಿಲ್ ಬಿಸಿಯಾಗಿ ಲಿಕ್ವಿಡ್ಡು ಆವಿ ಆಗತ್ತೆ. ಬೆಂಕಿ ಇಲ್ಲ, ಎಲೆ ಇಲ್ಲ, ಅದಕ್ಕೇ ಟಾರೂ ಇಲ್ಲ, ಕಾರ್ಬನ್ ಮೊನಾಕ್ಸೈಡೂ ಇಲ್ಲ ಅನ್ನೋಷ್ಟು. ಲಿಕ್ವಿಡ್‌ನಲ್ಲಿ ಪ್ರೊಪಿಲೀನ್ ಗ್ಲೈಕಾಲು, ವೆಜಿಟಬಲ್ ಗ್ಲಿಸರಿನ್ನು, ಫ್ಲೇವರ್ರು, ನಿಕೋಟಿನ್ನು. ಈಗ ನಾವು ನೋಡ್ತಿರೋ ರೂಪಕ್ಕೆ ಇದನ್ನ ತಂದಿದ್ದು ಚೀನಾದ ಹೊನ್ ಲಿಕ್ ಅನ್ನೋ ಫಾರ್ಮಸಿಸ್ಟು, 2003ರಲ್ಲಿ, ಆತನೂ ಸಿಗರೇಟು ಸೇದೋನೇ, ಅವರಪ್ಪ ತೀರಿಕೊಂಡಿದ್ದು ಶ್ವಾಸಕೋಶದ ಕ್ಯಾನ್ಸರಿಂದ.

ಕೆಲಸ ಮಾಡತ್ತಾ ಅಂದ್ರೆ, ಮಾಡತ್ತೆ. ಇದಕ್ಕೆ ನಾನು ಯಾವಾಗ್ಲೂ ಕೊಡೋ ಉದಾಹರಣೆ 2019ರಲ್ಲಿ ಬಂದ ಲಂಡನ್ ಕ್ವೀನ್ ಮೇರಿ ಯೂನಿವರ್ಸಿಟಿಯವರ ಟ್ರಯಲ್ಲು. ಎನ್‌ಎಚ್‌ಎಸ್‌ನ ಸಿಗರೇಟು ಬಿಡಿಸೋ ಕ್ಲಿನಿಕ್ಕುಗಳಿಗೆ ಬಂದಿದ್ದ 886 ಜನರನ್ನ ಎರಡು ಗುಂಪು ಮಾಡಿ ಒಂದಕ್ಕೆ ಪ್ಯಾಚು ಗಮ್ಮು ಥರದ್ದು, ಇನ್ನೊಂದಕ್ಕೆ ರೀಫಿಲ್ ಮಾಡೋ ವೇಪು. ವರ್ಷ ಆದ್ಮೇಲೆ ಪ್ಯಾಚಿನ ಗುಂಪಲ್ಲಿ ಸಿಗರೇಟು ಬಿಟ್ಟೋರು 9.9 ಪರ್ಸೆಂಟು, ವೇಪ್ ಗುಂಪಲ್ಲಿ 18. ಹೆಚ್ಚುಕಡಿಮೆ ಡಬಲ್ಲು. ಇದರಲ್ಲಿ ಎರಡು ವಿಷಯ ಜನ ಬಿಟ್ಟೇಬಿಡ್ತಾರೆ. ಒಂದು, 18 ಪರ್ಸೆಂಟ್ ಅಂದ್ರೆ ನೂರರಲ್ಲಿ 82 ಜನಕ್ಕೆ ಆಗ್ಲಿಲ್ಲ ಅಂತಲೂ ಅರ್ಥ, ಇದೇನು ಮಂತ್ರದಂಡ ಅಲ್ಲ. ಎರಡು, ಅವರಿಗೆ ಮೊದಲು ಕೊಟ್ಟ ಬಾಟಲಿ 18 ಮಿಲಿಗ್ರಾಮಿನದ್ದು, ಒಂದು ಎಂಎಲ್ ಲಿಕ್ವಿಡ್‌ನಲ್ಲಿ ಅಷ್ಟು ನಿಕೋಟಿನ್, ಅಂದ್ರೆ ಕಾನೂನು ಬಿಡೋ ಗರಿಷ್ಠಕ್ಕೆ ಹತ್ರ ಹತ್ರ. 3 ಮಿಲಿಗ್ರಾಮಿಂದ ಯಾರೂ ಶುರು ಮಾಡ್ಸಿಲ್ಲ.

ಸೇಫಾ ಅನ್ನೋ ಪ್ರಶ್ನೆ ಬಂದಾಗ ಎಲ್ರೂ "95 ಪರ್ಸೆಂಟ್ ಕಮ್ಮಿ ಹಾನಿ" ಅಂತ ಒಂದು ನಂಬರ್ ಎಸೀತಾರೆ. ಅದು 2015ರಲ್ಲಿ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಹೇಳಿದ ಅಂದಾಜು, ಮಾರನೇ ವರ್ಷ ಇಲ್ಲಿನ ಡಾಕ್ಟ್ರುಗಳ ಸಂಸ್ಥೆ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಕೂಡ ಸುಮಾರು ಅದೇ ಧಾಟೀಲಿ ಮಾತಾಡ್ತು. ನನಗೆ ಆ ನಂಬರಿನ ಮೇಲೆ ಅಷ್ಟೇನೂ ಪ್ರೀತಿ ಇಲ್ಲ, ಯಾರೋ ಮೀಟರ್ ಹಿಡಿದು ಅಳೆದಿದ್ದಲ್ಲ ಅದು, ತಜ್ಞರು ಕೂತು ಹಾಕಿದ ಲೆಕ್ಕ, ಮೂವತ್ತು ನಲವತ್ತು ವರ್ಷ ವೇಪ್ ಎಳೆದೋರ ದಾಖಲೆ ಇನ್ನೂ ಯಾರ ಹತ್ರಾನೂ ಇರೋಕೆ ಸಾಧ್ಯ ಇಲ್ಲ. ಡಬ್ಲ್ಯುಎಚ್‌ಒ ಬೇರೆ ಧಾಟೀಲಿ ಮಾತಾಡತ್ತೆ, ಅವರ ತಲೆನೋವು ಮುಖ್ಯವಾಗಿ ಹುಡುಗರು ಇದಕ್ಕೆ ಬೀಳ್ತಿರೋದು, ಅದೂ ಸುಳ್ಳಲ್ಲ. ಆದ್ರೆ ಕೈಯಲ್ಲಿ ಉರೀತಿರೋ ಸಿಗರೇಟು ಇಟ್ಕೊಂಡು "ವೇಪಿನ ಲಾಂಗ್ ಟರ್ಮ್ ಎಫೆಕ್ಟ್ ಗೊತ್ತಿಲ್ವಲ್ಲ" ಅನ್ನೋರನ್ನ ಕಂಡ್ರೆ ನಗು ಬರತ್ತೆ, ಸಿಗರೇಟಿನ ಲಾಂಗ್ ಟರ್ಮ್ ಎಫೆಕ್ಟು ಚೆನ್ನಾಗೇ ಗೊತ್ತಲ್ಲ ಸ್ವಾಮಿ.

ಇನ್ನೆರಡು ಭಯ ವಾಟ್ಸಾಪಲ್ಲಿ ಓಡಾಡ್ತಾನೇ ಇರತ್ತೆ. ಅಮೆರಿಕದಲ್ಲಿ 2019ರಲ್ಲಿ ವೇಪ್ ಮಾಡಿ ಶ್ವಾಸಕೋಶ ಹಾಳಾಗಿ ಆಸ್ಪತ್ರೆ ಸೇರಿದ ಕೇಸುಗಳು, 2020ರ ಫೆಬ್ರವರಿ ಹೊತ್ತಿಗೆ 2807 ಜನ, ಸತ್ತವರು 68. ಭಯಂಕರವೇ. ಆದ್ರೆ ಅದಕ್ಕೆ ಮುಖ್ಯ ಕಾರಣ ಅಂತ ಸಿಕ್ಕಿದ್ದು ಬ್ಲ್ಯಾಕ್ ಮಾರ್ಕೆಟ್ಟಿನ ಗಾಂಜಾ ಎಣ್ಣೆಯ ಕಾರ್ಟ್ರಿಜ್ಜುಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನೋ ಪದಾರ್ಥ, ಬ್ರಿಟನ್ನಲ್ಲಿ ನಿಕೋಟಿನ್ ಲಿಕ್ವಿಡ್ಡಿಗೆ ವಿಟಮಿನ್ ಹಾಕೋದೇ ಕಾನೂನುಬಾಹಿರ. ಇನ್ನೊಂದು ಪಾಪ್‌ಕಾರ್ನ್ ಲಂಗ್ಸ್ ಕಥೆ, ಬೆಣ್ಣೆ ವಾಸನೆಯ ಡಯಾಸಿಟೈಲ್ ಅನ್ನೋದ್ರಿಂದ ಪಾಪ್‌ಕಾರ್ನ್ ಫ್ಯಾಕ್ಟರಿ ಕೆಲಸಗಾರರಿಗೆ ಬಂದಿದ್ದು, ಅದೂ ಇಲ್ಲಿನ ಲಿಕ್ವಿಡ್‌ನಲ್ಲಿ ನಿಷಿದ್ಧ, ಮತ್ತೆ ಸಿಗರೇಟಿನ ಹೊಗೇಲಿ ಅದೇ ಡಯಾಸಿಟೈಲ್ ಧಾರಾಳವಾಗಿ ಇದೆ ಅನ್ನೋದನ್ನ ಫಾರ್ವರ್ಡ್ ಮಾಡೋರು ಹೇಳಲ್ಲ.

ಸರಿ, ಡೋಸಿಗೆ ಬರೋಣ. ಸಿಗರೇಟಿನ ದಮ್ ಎಳೆದ ಹತ್ತಿಪ್ಪತ್ತು ಸೆಕೆಂಡಲ್ಲಿ ನಿಕೋಟಿನ್ ಮೆದುಳಿಗೆ ಮುಟ್ಟಿರತ್ತೆ. ಆ ಸ್ಪೀಡಿಗೇ ನಾವು ಬಿದ್ದಿರೋದು. ಒಂದು ಸಿಗರೇಟಿಂದ ಮೈಗೆ ಹೋಗೋದು ಸುಮಾರು 1 ಮಿಲಿಗ್ರಾಂ, ಅದೂ ಐದಾರು ನಿಮಿಷದಲ್ಲಿ. ವೇಪು ಸಾಮಾನ್ಯವಾಗಿ ಇದಕ್ಕಿಂತ ನಿಧಾನ. ದಿನಕ್ಕೆ ಒಂದು ಪ್ಯಾಕ್ ಸೇದೋನಿಗೆ ಪಾಡ್ ಅನ್ನೋ ಚಿಕ್ಕ ವೇಪ್ ಮೆಷಿನ್ನಲ್ಲಿ 3 ಮಿಲಿಗ್ರಾಂ ಲಿಕ್ವಿಡ್ ಕೊಡೋದು ಅಂದ್ರೆ ಮೂರು ದಿನ ಹಸಿದೋನಿಗೆ ನೀರು ಮಜ್ಜಿಗೆ ಕೊಟ್ಟು ಊಟ ಆಯ್ತಾ ಅಂತ ಕೇಳಿದ ಹಾಗೆ. ಪಾಪ, ಎಳೆದಿದ್ದೇ ಎಳೆದಿದ್ದು, ಗಂಟಲು ಒಣಗತ್ತೆ, ಲಿಕ್ವಿಡ್ ಬೇಗ ಖಾಲಿ ಆಗತ್ತೆ, ತಲೆ ಇನ್ನೂ ಸಿಗರೇಟು ಸಿಗರೇಟು ಅಂತಾನೇ ಇರತ್ತೆ. ತಮಾಷೆ ಅಂದ್ರೆ ಕಮ್ಮಿ ನಿಕೋಟಿನ್ ಅಂತ ತಗೊಂಡೋರು ಅದನ್ನ ಸರಿದೂಗಿಸೋಕೆ ಜಾಸ್ತಿ ಜಾಸ್ತಿ ಎಳೀತಾರೆ, ಕೊನೆಗೆ ಜಾಸ್ತಿ ಸ್ಟ್ರೆಂತ್ ತಗೊಂಡೋರಿಗಿಂತ ಜಾಸ್ತಿ ಆವಿ ಒಳಗೆ ಹೋಗಿರತ್ತೆ.

ನಿಮಗೆ ಎಷ್ಟು ಬೇಕು ಅಂತ ಗೊತ್ತಾಗೋಕೆ ದಿನಕ್ಕೆ ಎಷ್ಟು ಸಿಗರೇಟು ಅನ್ನೋದಕ್ಕಿಂತ ಒಳ್ಳೇ ಪ್ರಶ್ನೆ ಒಂದಿದೆ, ಬೆಳಿಗ್ಗೆ ಕಣ್ಣು ಬಿಟ್ಟು ಎಷ್ಟು ಹೊತ್ತಿಗೆ ಮೊದಲನೇದು ಹಚ್ಚುತ್ತೀರಿ? ಚಟ ಎಷ್ಟು ಗಟ್ಟಿ ಅಂತ ಅಳೆಯೋಕೆ ಡಾಕ್ಟ್ರುಗಳು ಬಳಸೋ ಫಾಗರ್‌ಸ್ಟ್ರಾಮ್ ಟೆಸ್ಟಲ್ಲೂ ಇದಕ್ಕೆ ಒಳ್ಳೇ ತೂಕ ಇದೆ. ಐದು ನಿಮಿಷದೊಳಗೆ ಅಂದ್ರೆ ಚಟ ಗಟ್ಟಿ ಇದೆ. ಹಲ್ಲುಜ್ಜೋಕೆ ಮುಂಚೆ ಬಾಲ್ಕನಿಗೆ ಹೋಗೋರು, ಅರ್ಧ ಗಂಟೆಯೊಳಗೆ ಹಚ್ಚೋರು, ದಿನಕ್ಕೆ ಇಪ್ಪತ್ತರ ಹತ್ರ ಇರೋರು ಮುಲಾಜಿಲ್ಲದೆ 18 ಇಲ್ಲಾ 20 ಮಿಲಿಗ್ರಾಮಿಂದ ಶುರು ಮಾಡಿ. ದಿನಕ್ಕೆ ಹತ್ತರ ಆಸುಪಾಸು, ಆಫೀಸಿಗೆ ಹೋದ್ಮೇಲೇ ಮೊದಲನೇದು ಅನ್ನೋರಿಗೆ 10 ಅಥವಾ 12 ಸಾಕಾಗಬಹುದು. ಸಂಜೆ ಎರಡು ಮೂರು ಅನ್ನೋರು 6. ಬ್ರಿಟನ್ನಲ್ಲಿ ಒಂದು ಎಂಎಲ್‌ಗೆ 20 ಮಿಲಿಗ್ರಾಮಿಗಿಂತ ಜಾಸ್ತಿ ಮಾರೋ ಹಾಗಿಲ್ಲ, ನಿಕೋಟಿನ್ ಇರೋ ಬಾಟಲಿ 10 ಎಂಎಲ್ ದಾಟೋ ಹಾಗಿಲ್ಲ, ಟ್ಯಾಂಕು 2 ಎಂಎಲ್. ಜಾಸ್ತಿ ಆಯ್ತು ಅಂದ್ರೆ ಮೈಯೇ ಹೇಳತ್ತೆ, ತಲೆ ಸುತ್ತು, ಹೊಟ್ಟೆ ತೊಳೆಸೋದು, ಬಿಕ್ಕಳಿಕೆ. ಕೆಳಗಿಟ್ಟು ಸ್ವಲ್ಪ ಹೊತ್ತು ಬಿಟ್ರೆ ಹೋಗತ್ತೆ, ಆಮೇಲೆ ಒಂದು ಮೆಟ್ಟಿಲು ಇಳೀರಿ.

20 ಅಂದ್ರೆ ಗಂಟಲು ಉರಿಯಲ್ವಾ ಅಂದ್ರೆ, ಹಳೇ ಥರದ ನಿಕೋಟಿನ್ನಲ್ಲಿ ಉರಿಯತ್ತೆ. ಅದಕ್ಕೇ ಈಗ ನಿಕ್ ಸಾಲ್ಟ್ ಅಂತ ಬಂದಿರೋದು, ಬೆಂಜೋಯಿಕ್ ಆಸಿಡ್ ಥರದ್ದು ಸೇರಿಸಿ ಖಾರ ಕಮ್ಮಿ ಮಾಡಿರ್ತಾರೆ, ಸ್ಟ್ರೆಂತ್ ಇದ್ರೂ ಗಂಟಲಿಗೆ ನುಣ್ಣಗೆ ಇಳಿಯತ್ತೆ. ಕೆಲವರಿಗೆ ಉಲ್ಟಾ, ಗಂಟಲಿಗೆ ಸ್ವಲ್ಪ ಹೊಡೀಲೇಬೇಕು, ಇಲ್ಲಾಂದ್ರೆ ಸೇದಿದ ಹಾಗೇ ಅನ್ಸಲ್ಲ, ಅಂಥೋರು ಹಳೇ ಥರದ್ದೇ 12 ಟ್ರೈ ಮಾಡಿ. ಅಂಗಡೀಲಿ ಒಂದು ಬಲೆ ಇದೆ, ನೋಡ್ಕೊಳ್ಳಿ. ಸಾಲಾಗಿ ಜೋಡಿಸಿಟ್ಟಿರೋ ದೊಡ್ಡ 50 ಎಂಎಲ್ ಬಾಟಲಿಗಳು ನೋಡೋಕೆ ಅಗ್ಗ, ಆದ್ರೆ ಅದರಲ್ಲಿ ನಿಕೋಟಿನ್ನೇ ಇರಲ್ಲ, 10 ಎಂಎಲ್ ನಿಕೋಟಿನ್ ಶಾಟ್ ಬೇರೆ ತಗೊಂಡು ಬೆರೆಸ್ಕೋಬೇಕು, 18ರ ಒಂದು ಶಾಟ್ ಹಾಕಿದ್ರೂ ಒಟ್ಟು 60 ಎಂಎಲ್‌ಗೆ ಬರೋದು 3 ಮಿಲಿಗ್ರಾಮೇ. ಎಷ್ಟೋ ಜನ ಇದನ್ನ ಗೊತ್ತಿಲ್ದೆ ತಗೊಂಡು, ಬರೀ ಹಣ್ಣಿನ ಆವಿ ಎಳ್ಕೊಂಡು, ವೇಪ್ ವೇಸ್ಟು ಅಂತ ತೀರ್ಪು ಕೊಟ್ಟಿರ್ತಾರೆ.

ಮೆಷಿನ್ನು ದೊಡ್ಡದಾದಷ್ಟೂ ಒಳ್ಳೇದು ಅನ್ಕೋಬೇಡಿ. ಸಿಗರೇಟು ಸೇದೋರು ಹೊಗೇನ ಮೊದಲು ಬಾಯಿಗೆ ಎಳೆದು ಆಮೇಲೆ ಎದೆಗೆ ಇಳಿಸ್ತಾರೆ, ಹುಕ್ಕಾದಲ್ಲಿ ಸೀದಾ ಎದೆಗೇ. ಮೋಡದ ಹಾಗೆ ಹೊಗೆ ಬಿಡೋ ದೊಡ್ಡ ಬಾಕ್ಸ್ ಮೆಷಿನ್ನುಗಳು ಹುಕ್ಕಾ ಜಾತಿ, ಅದಕ್ಕೆ 20ರ ಲಿಕ್ವಿಡ್ ಹಾಕಿ ಎಳೆದ್ರೆ ಕೆಮ್ಮಿ ಕೆಮ್ಮಿ ಸುಸ್ತಾಗ್ತೀರಿ. ನಮಗೆ ಬೇಕಾಗಿರೋದು ಲಿಕ್ವಿಡ್ ತುಂಬಿಸೋ ಚಿಕ್ಕ ಪಾಡ್ ಕಿಟ್ಟು, ಕಾಯಿಲ್ 0.8ರಿಂದ 1.2 ಓಮ್ ಒಳಗೆ, ಎಳೆದ್ರೆ ಸಿಗರೇಟಿನಷ್ಟೇ ಬಿಗಿ ಇರ್ಬೇಕು, ಲಿಕ್ವಿಡ್ಡು ಅರ್ಧಕ್ಕರ್ಧ ಗ್ಲೈಕಾಲು ಗ್ಲಿಸರಿನ್ ಇರೋದು, ಗ್ಲಿಸರಿನ್ ಜಾಸ್ತಿ ಇರೋ ದಪ್ಪ ಲಿಕ್ವಿಡ್ಡು ಚಿಕ್ಕ ಕಾಯಿಲ್ಲಿಗೆ ಏರೋದೇ ಇಲ್ಲ. ಎಳೆದು ಬಿಸಾಕೋ ಡಿಸ್ಪೋಸಬಲ್ಲನ್ನ ಬ್ರಿಟನ್ನಲ್ಲಿ 2025ರ ಜೂನ್ 1ರಿಂದ ಮಾರೋ ಹಾಗಿಲ್ಲ, ಇನ್ನೂ ಯಾವನಾದ್ರೂ ಕೌಂಟರ್ ಕೆಳಗಿಂದ ತೆಗೆದು ಕೊಟ್ರೆ ಅಂಥಾ ಅಂಗಡಿಗೇ ಹೋಗ್ಬೇಡಿ.

ಹೊಸ ಕಾಯಿಲ್ ಹಾಕೋದು ಮಾತ್ರ ಸ್ವಲ್ಪ ತಾಳ್ಮೆ ಕೇಳೋ ಕೆಲಸ. ಹೊಸದ್ರಲ್ಲಿ ಹತ್ತಿ ಬೆಳ್ಳಗೆ ಒಣಗಿರತ್ತೆ, ಬದಿಯಲ್ಲಿ ಸಣ್ಣ ತೂತುಗಳಲ್ಲಿ ಕಾಣತ್ತೆ ನೋಡಿ, ಆ ತೂತಿಗೆ ಎರಡು ಮೂರು ಹನಿ ಲಿಕ್ವಿಡ್ ಬಿಟ್ರೆ ಹತ್ತಿ ಕುಡ್ಕೊಂಡು ಸ್ವಲ್ಪ ಮಾಸಲು ಆಗತ್ತೆ. ಆಮೇಲೆ ಪಾಡಿಗೆ ಒತ್ತಿ ಕೂರಿಸಿ, ತುಂಬಿಸಿ, ಹತ್ತು ನಿಮಿಷ ಸುಮ್ನೆ ಟೇಬಲ್ ಮೇಲೆ ನಿಲ್ಲಿಸಿ. ಈ ಹತ್ತು ನಿಮಿಷ ತಡ್ಕೊಳ್ಳಕ್ಕಾಗದೆ ಎಳೆದ್ರೆ ಒಣ ಹತ್ತಿ ಸುಟ್ಟು ಸೀದ ವಾಸನೆ ಬರತ್ತೆ, ಅದು ಒಂದ್ಸಲ ಬಂತಂದ್ರೆ ಆ ಕಾಯಿಲ್ ಕಥೆ ಮುಗೀತು, ಎಷ್ಟು ಲಿಕ್ವಿಡ್ ಹಾಕಿದ್ರೂ ಆ ಘಾಟು ಹೋಗಲ್ಲ. ಚೆನ್ನಾಗಿ ನೋಡ್ಕೊಂಡ್ರೆ ಒಂದು ಕಾಯಿಲ್ಲು ಒಂದೆರಡು ವಾರ ಬರತ್ತೆ. ಸಿಹಿ ಜಾಸ್ತಿ ಇರೋ ಡಿಸರ್ಟ್ ಫ್ಲೇವರ್ರುಗಳು ಕಾಯಿಲ್ಲಿಗೆ ಕಪ್ಪಗೆ ಪಾಕದ ಹಾಗೆ ಅಂಟ್ಕೊಂಡು ಬೇಗ ಸಾಯಿಸತ್ತೆ. ರುಚಿ ಕೆಟ್ಟಿದೆ ಅನ್ನೋ ಒಂದೇ ಕಾರಣಕ್ಕೆ ಸಿಗರೇಟಿಗೆ ವಾಪಸ್ ಹೋದೋರು ಇದ್ದಾರೆ, ಆ ಕಾಯಿಲ್ಲಿಗೆ ಎರಡು ಮೂರು ಪೌಂಡು ಅಷ್ಟೇ.

ಎಳೆಯೋ ರೀತೀನೂ ಬೇರೆ. ಸಿಗರೇಟನ್ನ ಚುರುಕಾಗಿ ಜೋರಾಗಿ ಎಳೀತೀವಿ. ವೇಪ್‌ನಲ್ಲಿ ನಿಧಾನಕ್ಕೆ ಮೂರ್ನಾಲ್ಕು ಸೆಕೆಂಡು, ಮೆತ್ತಗೆ. ಜೋರಾಗಿ ಎಳೆದ್ರೆ ಲಿಕ್ವಿಡ್ಡೇ ಬಾಯಿಗೆ ಬರತ್ತೆ, ಕಹಿ, ನಾಲಿಗೆ ಚುರುಗುಟ್ಟತ್ತೆ. ಮೊದಲ ಕೆಲವು ದಿನ ಕೆಮ್ಮು ಬರೋದು ಮಾಮೂಲು. ಗ್ಲೈಕಾಲು ನೀರನ್ನ ಎಳ್ಕೊಳ್ಳೋ ವಸ್ತು, ಅದಕ್ಕೆ ಬಾಯಿ ಗಂಟಲು ಒಣಗತ್ತೆ, ನೀರು ಜಾಸ್ತಿ ಕುಡೀರಿ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಜನ ಎಡವೋ ಜಾಗ. "ಇಪ್ಪತ್ತು ಇದ್ದಿದ್ದು ಮೂರಕ್ಕೆ ಇಳಿಸಿದ್ದೀನಿ, ಉಳಿದಿದ್ದು ವೇಪು" ಅಂತ ಹೆಮ್ಮೆಯಿಂದ ಹೇಳ್ತಾರೆ. ಮೊದಲ ಎರಡು ಮೂರು ವಾರಕ್ಕೆ ಸರಿ, ಎಲ್ರೂ ಒಂದೇ ದಿನಕ್ಕೆ ಬಿಡೋಕಾಗಲ್ಲ. ಆದ್ರೆ ಅಲ್ಲೇ ಬಿಡಾರ ಹೂಡಿದ್ರೆ ಲಾಭ ತೀರಾ ಕಮ್ಮಿ. ಹೃದಯದ ವಿಷಯದಲ್ಲಿ ಸಿಗರೇಟಿನ ಲೆಕ್ಕ ನೇರ ಇಲ್ಲ, 2018ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಲ್ಲಿ ಬಂದ ದೊಡ್ಡ ವಿಶ್ಲೇಷಣೆ ಪ್ರಕಾರ ದಿನಕ್ಕೆ ಒಂದೇ ಒಂದು ಸೇದೋರಿಗೂ ಇಪ್ಪತ್ತು ಸೇದೋರಿಗೆ ಇರೋ ಹೆಚ್ಚುವರಿ ಹೃದ್ರೋಗದ ಅಪಾಯದಲ್ಲಿ ಸುಮಾರು ಅರ್ಧ ಇದ್ದೇ ಇರತ್ತೆ. ಇಪ್ಪತ್ತನೇ ಒಂದು ಭಾಗ ಅಲ್ಲ, ಅರ್ಧ. ಅದೂ ಅಲ್ದೆ ಆ ಮೂರು ಸಿಗರೇಟು ಇರೋತನಕ ಮೆದುಳು ಆ ಸ್ಪೀಡನ್ನ ಮರೆಯೋದೇ ಇಲ್ಲ, ವೇಪು ಯಾವಾಗ್ಲೂ ಎರಡನೇ ದರ್ಜೆಯದ್ದು ಅನ್ನಿಸ್ತಾನೇ ಇರತ್ತೆ. ಪೂರ್ತಿ ಬಿಟ್ಟೋರಿಗೆ ಕೆಲವು ವಾರದಲ್ಲಿ ಸಿಗರೇಟಿನ ರುಚಿ ಬೂದಿ ನೆಕ್ಕಿದ ಹಾಗೆ ಆಗ್ಬಿಡತ್ತೆ, ಅದು ಅವರ ಕಾವಲು. ಅರ್ಧ ಬಿಟ್ಟೋರಿಗೆ ಆ ಕಾವಲು ಸಿಗೋದೇ ಇಲ್ಲ.

ನಂಬಿಕೆ ಬರ್ಲಿಲ್ಲ ಅಂದ್ರೆ ನಿಮ್ಮ ಕೌನ್ಸಿಲ್ಲಿನ ಸ್ಟಾಪ್ ಸ್ಮೋಕಿಂಗ್ ಸರ್ವೀಸಿಗೆ ಹೋಗಿ, ಫ್ರೀ. ಅಲ್ಲಿ ಒಂದು ಪುಟ್ಟ ಮೆಷಿನ್ ಕೊಡ್ತಾರೆ, ಉಸಿರು ಎಳೆದು ಹದಿನೈದು ಸೆಕೆಂಡ್ ಹಿಡ್ಕೊಂಡು, ಆಮೇಲೆ ಕಾಗದದ ಕೊಳವೇಲಿ ನಿಧಾನಕ್ಕೆ ಎದೆ ಖಾಲಿ ಆಗೋ ತನಕ ಊದ್ಬೇಕು. ಉಸಿರಲ್ಲಿರೋ ಕಾರ್ಬನ್ ಮೊನಾಕ್ಸೈಡು ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗಕ್ಕೆ ಎಷ್ಟು ಅನ್ನೋ ಲೆಕ್ಕದಲ್ಲಿ ಪರದೆ ಮೇಲೆ ಏರ್ತಾ ಹೋಗತ್ತೆ. ಸೇದೋರದ್ದು ಇಪ್ಪತ್ತು ಮೂವತ್ತು ತೋರಿಸೋದು ಸಾಮಾನ್ಯ, ಹತ್ತರ ಕೆಳಗಿದ್ರೆ ಸೇದಿಲ್ಲ ಅಂತ ಲೆಕ್ಕ. ಪೂರ್ತಿ ವೇಪಿಗೆ ಹೋದ್ರೆ ಒಂದೆರಡು ದಿನದಲ್ಲೇ ಈ ನಂಬರ್ ಸೇದದೇ ಇರೋರ ಮಟ್ಟಕ್ಕೆ ಬರತ್ತೆ, ಜೊತೇಲಿ ಸಿಗರೇಟು ಇದ್ರೆ ಬರಲ್ಲ. ಕೆಲವು ಕಡೆ ವೇಪ್ ಸ್ಟಾರ್ಟರ್ ಕಿಟ್ಟನ್ನೂ ಅವರೇ ಫ್ರೀ ಕೊಡ್ತಾರೆ, 2023ರಲ್ಲಿ ಸರ್ಕಾರ ಹತ್ತು ಲಕ್ಷ ಸ್ಮೋಕರ್‌ಗಳಿಗೆ ಕೊಡೋ ಸ್ವಾಪ್ ಟು ಸ್ಟಾಪ್ ಯೋಜನೆ ಘೋಷಿಸಿತ್ತು. ನಮ್ಮವರು ಜಿಪಿ, ಅಂದ್ರೆ ಏರಿಯಾ ಡಾಕ್ಟ್ರ ರೆಕಾರ್ಡಲ್ಲಿ ಬರತ್ತೇನೋ, ವೀಸಾಗೆ ತೊಂದರೆ ಆಗತ್ತೇನೋ ಅಂತ ಹೋಗಲ್ಲ. ಸಿಗರೇಟು ಬಿಡೋಕೆ ಸಹಾಯ ಕೇಳಿದ್ದಕ್ಕೂ ವೀಸಾಗೂ ಏನೂ ಸಂಬಂಧ ಇಲ್ಲ.

ಮೊದಲ ತಿಂಗಳಲ್ಲಿ ಮೈಯಲ್ಲಿ ಚಿತ್ರವಿಚಿತ್ರ ಆಗತ್ತೆ, ಎಲ್ಲಾ ವೇಪಿನ ತಲೆಗೆ ಕಟ್ತೀವಿ. ಕೆಮ್ಮು ಜಾಸ್ತಿ ಆಗೋದು, ಬಾಯಿ ಹುಣ್ಣು, ಮಲಬದ್ಧತೆ, ಇವೆಲ್ಲ ಸಿಗರೇಟು ಬಿಟ್ಟಿದ್ದಕ್ಕೂ ಬರತ್ತೆ, ಪ್ಯಾಚು ಗಮ್ಮು ಏನೂ ಇಲ್ದೆ ಬಿಟ್ಟೋರಿಗೂ ಬರತ್ತೆ. ರಕ್ತ ಬಂದ್ರೆ, ಕೆಮ್ಮು ಮೂರು ವಾರ ದಾಟಿದ್ರೆ ಸುಮ್ನೆ ಡಾಕ್ಟ್ರಿಗೆ ತೋರಿಸಿ.

ಇದರಲ್ಲಿ ನಮ್ಮ ಜನಕ್ಕೆ ಮುಖ್ಯವಾಗಿ ತಟ್ಟೋದು ಕಾಫಿ ವಿಷಯ, ಇದನ್ನ ಯಾರೂ ಹೇಳೋದೇ ಇಲ್ಲ. ಸಿಗರೇಟಿನ ಟಾರಲ್ಲಿರೋ ಕೆಲವು ಕೆಮಿಕಲ್ಲುಗಳು ಲಿವರ್ರಿನ ಒಂದು ಎನ್‌ಜೈಮನ್ನ ಚುರುಕು ಮಾಡಿರತ್ತೆ, ಕೆಫೀನನ್ನ ಮೈಯಿಂದ ಹೊರಗೆ ಹಾಕೋದು ಅದೇ ಎನ್‌ಜೈಮು. ಅದಕ್ಕೇ ಸೇದೋರು ದಿನಕ್ಕೆ ಐದು ಲೋಟ ಫಿಲ್ಟರ್ ಕಾಫಿ ಕುಡಿದ್ರೂ ಆರಾಮಾಗಿ ಮಲಗ್ತಾರೆ. ಸಿಗರೇಟು ನಿಂತ ಕೆಲವೇ ದಿನಕ್ಕೆ ಆ ಚುರುಕು ಇಳಿಯತ್ತೆ, ಅದೇ ಐದು ಲೋಟಕ್ಕೆ ರಕ್ತದಲ್ಲಿ ಕೆಫೀನು ಹೆಚ್ಚುಕಡಿಮೆ ಎರಡು ಪಟ್ಟು ಆಗ್ಬಿಡತ್ತೆ. ಎದೆ ಡವಡವ, ಕೈ ನಡುಕ, ರಾತ್ರಿ ಎರಡಕ್ಕೆ ಎಚ್ಚರ, ಹೆಂಡತಿ ಮೇಲೆ ಸಿಡುಕು, ಆಗ "ಈ ವೇಪು ನನಗೆ ಆಗಿ ಬರಲ್ಲ" ಅಂತ ಎಸೀತಾರೆ. ಈ ಎನ್‌ಜೈಮಿನ ಆಟಕ್ಕೂ ನಿಕೋಟಿನ್ನಿಗೂ ಸಂಬಂಧ ಇಲ್ಲ, ವೇಪಲ್ಲಿ ನಿಕೋಟಿನ್ ಎಷ್ಟೇ ಇದ್ರೂ ಕಾಫಿ ಏರೋದು ಏರತ್ತೆ. ಬಿಟ್ಟ ವಾರದಿಂದ್ಲೇ ಕಾಫೀನ ಅರ್ಧಕ್ಕೆ ಇಳಿಸಿ, ಲೋಟ ಚಿಕ್ಕದು ಮಾಡಿದ್ರೂ ಸರಿ, ಡಿಕಾಕ್ಷನ್ ತೆಳು ಮಾಡಿದ್ರೂ ಸರಿ. ಇದೇ ಕಾರಣಕ್ಕೆ ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್ ಅಥವಾ ಆಸ್ತಮಾಗೆ ಥಿಯೋಫಿಲಿನ್ ತಗೋತಿರೋರು ಸಿಗರೇಟು ಬಿಡೋಕೆ ಮುಂಚೆ ಡಾಕ್ಟ್ರಿಗೆ ಹೇಳ್ಲೇಬೇಕು, ಆ ಮಾತ್ರೆಗಳ ಮಟ್ಟಾನೂ ಇದೇ ಥರ ಏರತ್ತೆ, ಡೋಸು ಬದಲಿಸಬೇಕಾಗಬಹುದು.

ಇನ್ನು ನಿಭಾಯಿಸ್ಕೊಂಡು ಹೋಗೋದು. ಬಹಳಷ್ಟು ಜನ ವಾಪಸ್ ಬೀಳೋದು ಶುಕ್ರವಾರ ರಾತ್ರಿ ಪಬ್ಬಿನ ಹೊರಗೆ, ವೇಪಿನ ಬ್ಯಾಟರಿ ಸತ್ತಿರತ್ತೆ, ಪಕ್ಕದಲ್ಲಿ ನಿಂತೋನು ಪ್ಯಾಕ್ ಚಾಚ್ತಾನೆ. ಎರಡನೇ ಮೆಷಿನ್ನು, ಒಂದು ಸ್ಪೇರ್ ಕಾಯಿಲ್ಲು, ಒಂದು ತುಂಬಿದ ಬಾಟಲಿ ಬ್ಯಾಗಲ್ಲಿ ಇದ್ರೆ ಆ ಸೀನೇ ಬರಲ್ಲ, ದುಡ್ಡಿನ ಲೆಕ್ಕ ಹಾಕಿದ್ರೆ ಎರಡನೇ ಮೆಷಿನ್ನು ಒಂದೆರಡು ಪ್ಯಾಕ್ ಸಿಗರೇಟಿನ ರೇಟು. 2026ರ ಅಕ್ಟೋಬರ್ 1ರಿಂದ 10 ಎಂಎಲ್‌ಗೆ 2.20 ಪೌಂಡು ತೆರಿಗೆ ಅಂತ ಸರ್ಕಾರ ಘೋಷಿಸಿದೆ, ಅದನ್ನ ಸೇರಿಸಿದ್ರೂ ಸಿಗರೇಟಿನ ಹತ್ರ ಸುಳಿಯಲ್ಲ. ಅಕಸ್ಮಾತ್ ಒಂದು ಸೇದಿಬಿಟ್ರೆ ಮಾರನೇ ದಿನ ಪ್ಯಾಕ್ ತಗೋಬೇಡಿ, ವೇಪಿನ ಸ್ಟ್ರೆಂತ್ ಸಾಕಾಗ್ತಿದ್ಯಾ ಅಂತ ನೋಡಿ. ಸಾಲ್ತಿಲ್ಲ ಅಂದ್ರೆ ಜೊತೇಲಿ ಪ್ಯಾಚ್ ಕೂಡ ಹಾಕ್ಕೋಬಹುದು, ಕ್ಲಿನಿಕ್ಕಿನವರೇ ಹೇಳ್ತಾರೆ.

ಇನ್ನೊಂದು ದೂರು ನ್ಯಾಯವಾದದ್ದೇ. ಸಿಗರೇಟಿಗೆ ಒಂದು ಕೊನೆ ಇದೆ, ಫಿಲ್ಟರ್ ಬಂತು, ತುಳಿದು ಒಳಗೆ ಬಂದ್ರಿ. ವೇಪಿಗೆ ಕೊನೆ ಇಲ್ಲ, ಲ್ಯಾಪ್‌ಟಾಪ್ ಪಕ್ಕದಲ್ಲಿ ಬಿದ್ದಿರತ್ತೆ, ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡಿ ಎಳೀತಾನೇ ಇರ್ತಾರೆ. ಮೊದಲ ಎರಡು ಮೂರು ತಿಂಗಳು ಇದಕ್ಕೆ ತಲೆ ಕೆಡಿಸ್ಕೋಬೇಡಿ, ಸಿಗರೇಟು ಸತ್ತಿರೋದು ಮುಖ್ಯ. ಆಮೇಲೆ ಮನೆಯೊಳಗೆ ಇಲ್ಲ, ಬಾಲ್ಕನೀಲಿ ಮಾತ್ರ ಅಂತ ಒಂದು ಗೆರೆ ಹಾಕ್ಕೊಂಡ್ರೆ ತಾನಾಗೇ ಕಮ್ಮಿ ಆಗತ್ತೆ. ಸ್ಟ್ರೆಂತನ್ನ 20ರಿಂದ 10, 10ರಿಂದ 6 ಅಂತ ತಿಂಗಳುಗಟ್ಟಲೆ ಟೈಮ್ ಕೊಟ್ಟು ಇಳಿಸಿ, ಇಳಿಸಿದಾಗ ಸಿಗರೇಟಿನ ನೆನಪು ಕಾಡಿದ್ರೆ ನಾಚಿಕೆ ಇಲ್ದೆ ವಾಪಸ್ ಏರಿಸಿ. ಆ ಕ್ವೀನ್ ಮೇರಿ ಟ್ರಯಲ್ಲಲ್ಲಿ ವೇಪಿಂದ ಸಿಗರೇಟು ಬಿಟ್ಟೋರಲ್ಲಿ 80 ಪರ್ಸೆಂಟ್ ಜನ ವರ್ಷದ ಕೊನೇಲೂ ವೇಪ್ ಎಳೀತಾನೇ ಇದ್ರು. ಕೆಲವರು ಇದನ್ನ ಸೋಲು ಅಂತಾರೆ. ನನಗೆ ಹಾಗನ್ಸಲ್ಲ, ಆದ್ರೆ ಕೊನೆಗೆ ವೇಪನ್ನೂ ಬಿಡೋದು ಒಳ್ಳೇದು ಅನ್ನೋದ್ರಲ್ಲಿ ಎರಡು ಮಾತಿಲ್ಲ.

ಮನೇಲಿ ಚಿಕ್ಕ ಮಕ್ಕಳಿದ್ರೆ ಬಾಟಲಿ ಮೇಲಿನ ಕಪಾಟಲ್ಲಿ ಬೀಗ ಹಾಕಿ. 20 ಮಿಲಿಗ್ರಾಮಿನ ಲಿಕ್ವಿಡ್ಡು ಸ್ಟ್ರಾಬೆರಿ ವಾಸನೆ ಬೇರೆ, ಮಗು ಬಾಯಿಗೆ ಹಾಕ್ಕೊಂಡ್ರೆ ವಿಷ. ಹಳೇ ಮೆಷಿನ್ನನ್ನ ಕಸದ ಬುಟ್ಟಿಗೆ ಹಾಕ್ಬೇಡಿ, ಲಿಥಿಯಂ ಬ್ಯಾಟರಿ ಕಸದ ಲಾರೀಲಿ ಒತ್ತಿದ್ರೆ ಬೆಂಕಿ ಹತ್ಕೊಳ್ಳತ್ತೆ, ಮಾರಿದ ಅಂಗಡಿಗೇ ವಾಪಸ್ ಕೊಡಿ.

ಕೊನೇದಾಗಿ ಊರಿಗೆ ಹೋಗೋ ಟ್ರಿಪ್ಪು. ಆರು ತಿಂಗಳು ಕಷ್ಟಪಟ್ಟು ಬಿಟ್ಟಿದ್ದು ಅಲ್ಲಿ ಮೂರೇ ದಿನದಲ್ಲಿ ನೀರುಪಾಲಾಗತ್ತೆ, ವೇಪ್ ಒಯ್ಯೋ ಹಾಗಿಲ್ಲ, ಮದುವೆ ಮನೆ ಮಹಡಿ ಮೇಲೆ ಭಾವಮೈದುನ ಲೈಟರ್ ಹಿಡ್ಕೊಂಡು ಕಾಯ್ತಿರ್ತಾನೆ. ವೇಪನ್ನ ಬ್ಯಾಗಲ್ಲಿ ಮುಚ್ಚಿಟ್ಟು ತಗೊಂಡು ಹೋಗೋ ಸಾಹಸ ಬೇಡ, ಆಮದು ಮಾಡೋದೇ ನಿಷೇಧ ಇರೋ ದೇಶ. ಹೊರಡೋಕೆ ಮುಂಚೆ ಇಲ್ಲೇ ಪ್ಯಾಚು ಮತ್ತೆ ಗಮ್ಮು ತಗೊಳ್ಳಿ, ವಿಮಾನ ಹತ್ತೋ ಬೆಳಿಗ್ಗೆನೇ ಪ್ಯಾಚ್ ಅಂಟಿಸ್ಕೊಳ್ಳಿ. 2 ಮಿಲಿಗ್ರಾಮಿನ ನಿಕೋಟಿನ್ ಗಮ್ಮು ಊರಿನ ಮೆಡಿಕಲ್ ಶಾಪಲ್ಲೂ ಚೀಟಿ ಇಲ್ದೆ ಸಿಗತ್ತೆ, ಊರಲ್ಲೇ ಇದ್ದು ಬಿಡ್ಬೇಕು ಅನ್ನೋರಿಗೂ ಇದೇ ದಾರಿ, ಜೊತೆಗೆ ಸಿಗರೇಟ್ ಪ್ಯಾಕಿನ ಮೇಲೇ ಅಚ್ಚು ಹಾಕಿರೋ 1800-11-2356 ಕ್ವಿಟ್‌ಲೈನಿಗೆ ಫೋನ್ ಮಾಡಿದ್ರೆ ಫ್ರೀಯಾಗಿ ಕೌನ್ಸೆಲಿಂಗ್ ಕೊಡ್ತಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ. ಗಮ್ಮನ್ನ ಬಬಲ್‌ಗಮ್ ಥರ ಒಂದೇ ಸಮ ಅಗೀಬೇಡಿ, ಬರೋ ನಿಕೋಟಿನ್ನೆಲ್ಲ ಹೊಟ್ಟೆಗೆ ಹೋಗಿ ಬಿಕ್ಕಳಿಕೆ ಹತ್ತತ್ತೆ. ನಾಲಿಗೆಗೆ ಖಾರ ಖಾರ ಅನ್ನಿಸೋ ತನಕ ನಿಧಾನಕ್ಕೆ ಅಗಿದು ಕೆನ್ನೆ ಸಂದೀಲಿ ಒತ್ತಿಟ್ಕೊಳ್ಳಿ, ಖಾರ ಹೋದ್ಮೇಲೆ ಮತ್ತೆ ನಾಲ್ಕು ಸಲ ಅಗೀರಿ, ಹೀಗೇ ಅರ್ಧ ಗಂಟೆ. ಕಾಫಿ ಕುಡಿದ ತಕ್ಷಣ ಹಾಕ್ಕೊಂಡ್ರೆ ಬಾಯಲ್ಲಿ ಹುಳಿ ಇರತ್ತೆ, ನಿಕೋಟಿನ್ ಸರಿಯಾಗಿ ಹೀರ್ಕೊಳ್ಳಲ್ಲ, ಅದಕ್ಕೆ ಕಾಫಿ ಆದ್ಮೇಲೆ ಕಾಲು ಗಂಟೆ ಬಿಟ್ಟು ಹಾಕ್ಕೊಳ್ಳಿ.